ಅದು ನಿದ್ದಿ ಅಲ್ಲ, ಸಂಪರ್ಕ ಕಡಿದದ

ಭಾಗ 4 🐍 ಸ್ವಲ್ಪ ಉದ್ದ ಅದ, ಸೇವ್ ಮಾಡಿಟ್ಟಾದ್ರೂ ಓದ್ರಿ.

ಮಾನ್ವಿ, ದೇವದುರ್ಗ ಕಡೆ ಹೊಲ ಇರೋರಿಗೆ ಹಾವು ಹೊಸದಲ್ಲ. ಕಡಿಸಿಕೊಂಡವರ ರೆಪ್ಪೆ ಜೋತು ಬಿದ್ದರೆ ಸುತ್ತ ಕೂತವರು ಏನಂತಾರೆ? "ನಿದ್ದಿ ಮಾಡಾಕ ಬಿಡಬ್ಯಾಡ್ರಿ, ವಿಷ ಏರ್ತದ." ಅಲುಗಾಡಿಸುತ್ತ ಕೂರುತ್ತಾರೆ, ಹೊತ್ತು ಹೋಗುತ್ತದೆ. ಈ ಮಾತು ನಮ್ಮ ತಲೆಮಾರಿಗೇ ನಿಲ್ಲಬೇಕು ಅನ್ನೋದು ನನ್ನ ವಾದ.

ಬಿಕಾಂನವರು 1872ರ ಒಪ್ಪಂದ ಕಾಯ್ದೆ ಓದಿದ್ದೀವಲ್ಲ? ಒಬ್ಬರು ಆಫರ್ ಕೊಡಬೇಕು, ಇನ್ನೊಬ್ಬರು ಒಪ್ಪಬೇಕು. ನರ ಮತ್ತು ಸ್ನಾಯು ಕೂಡೋದೂ ಹಂಗೇ. ನರದ ತುದಿ ಅಗ್ರಿನ್ ಅನ್ನೋ ಪ್ರೋಟೀನ್ ಬಿಡುತ್ತದೆ, ಅದು ಆಫರ್. ಸ್ನಾಯುವಿನ ಮೇಲಿರುವ ಎಲ್‌ಆರ್‌ಪಿ4 ಅದನ್ನು ಹಿಡಿದು, ಜೊತೆಗಿರುವ ಮಸ್ಕ್ ಎಂಬ ಪ್ರೋಟೀನನ್ನು ಚುರುಕುಗೊಳಿಸುತ್ತದೆ. ಆಮೇಲೆ ರಾಪ್ಸಿನ್ ಎಂಬುದು ಅಸಿಟೈಲ್‌ಕೋಲಿನ್ ಗ್ರಾಹಕಗಳನ್ನು ನರದ ತುದಿಯ ಎದುರಿಗೇ ಗುಂಪಾಗಿ ನಿಲ್ಲಿಸುತ್ತದೆ. ಒಪ್ಪಂದ ಮುಗೀತು. ಇನ್ನು ನರ ಅಸಿಟೈಲ್‌ಕೋಲಿನ್ ಬಿಟ್ಟಾಗಲೆಲ್ಲ ಗ್ರಾಹಕ ಹಿಡಿಯುತ್ತದೆ, ಸ್ನಾಯು ಕೆಲಸ ಮಾಡುತ್ತದೆ. ರೆಪ್ಪೆ ಎತ್ತೋದು, ನುಂಗೋದು, ಉಸಿರಾಡೋದು ಎಲ್ಲವೂ ಹೀಗೇ.

ನಾಗರಹಾವಿನ ವಿಷ ಬಂದು ಆ ಗ್ರಾಹಕದ ಮೇಲೇ ಕೂತುಬಿಡುತ್ತದೆ. ಕಟ್ಟು ಹಾವಿನದು ಇನ್ನೂ ಕೆಟ್ಟದ್ದು, ನರದ ತುದಿಯನ್ನೇ ಹಾಳು ಮಾಡುತ್ತದೆ. ಅದು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಡಿಯೋದು ಹೆಚ್ಚು. ಎಷ್ಟೋ ಸಲ ನೋವಿಲ್ಲ, ಬಾವಿಲ್ಲ. ಬೆಳಿಗ್ಗೆ ಹೊಟ್ಟೆನೋವು, ರೆಪ್ಪೆ ಭಾರ, ಮಾತು ತೊದಲು.

ಶಕ್ತಿನಗರದವರಿಗೆ ಇದು ಬೇಗ ಅರ್ಥ ಆಗ್ತದ. ಆರ್‌ಟಿಪಿಎಸ್ ಎಷ್ಟೇ ಕರೆಂಟ್ ಮಾಡಲಿ, ಮನೆ ಫ್ಯೂಜ್ ಹೋದ್ರೆ ಬಲ್ಬ್ ಹತ್ತಲ್ಲ. ಆ ಮನುಷ್ಯನ ಮೆದುಳು ಎಚ್ಚರ ಇರಬಹುದು, ನಿಮ್ಮ ಮಾತೆಲ್ಲ ಕೇಳಿಸುತ್ತಿರಬಹುದು. ರೆಪ್ಪೆಗೆ ಆದೇಶ ತಲುಪುತ್ತಿಲ್ಲ, ಅಷ್ಟೇ. ಮುಂದಿನ ಸರದಿ ಉಸಿರಿನ ಸ್ನಾಯುಗಳದ್ದು.

ಪ್ರತಿವಿಷದ ಇಂಜೆಕ್ಷನ್ ಬೇಕೇ ಬೇಕು, ಅದು ರಕ್ತದಲ್ಲಿ ಓಡಾಡುವ ವಿಷವನ್ನು ಹಿಡಿಯುತ್ತದೆ. ಆದರೆ ಹಾಳಾದ ನರದ ತುದಿಯನ್ನು ಅದು ಕಟ್ಟಿಕೊಡಲ್ಲ. ಅದನ್ನು ದೇಹವೇ ಕಟ್ಟಬೇಕು, ದಿನಗಟ್ಟಲೆ ಬೇಕು. ಅಗ್ರಿನ್ ನರ-ಸ್ನಾಯು ನಡುವಿನ ತೆಳು ಪದರದಲ್ಲಿ ಅಂಟಿಕೊಂಡೇ ಇರುತ್ತದೆ, ಹಳೇ ವಿಳಾಸ ಅಳಿಸಿ ಹೋಗಿರಲ್ಲ. ನರ ಅಲ್ಲಿಗೇ ಮತ್ತೆ ಬೆಳೆದು ಕೂಡುತ್ತದೆ. ಅಲ್ಲೀತನಕ ಯಂತ್ರ ಉಸಿರಾಡಿಸಬೇಕು. ಸತ್ತಂತೆ ಕಂಡವರು ನಡೆದುಕೊಂಡು ಮನೆಗೆ ಬರೋದು ಹೀಗೆ.

"ಮಂತ್ರ ಹಾಕಿಸಿದವರೂ ಬದುಕ್ಯಾರಲ್ಲ" ಅಂತೀರಾ? ಎಷ್ಟೋ ಹಾವಿಗೆ ವಿಷವೇ ಇಲ್ಲ. ವಿಷದ ಹಾವೂ ಕೆಲವು ಸಲ ವಿಷ ಬಿಡದೇ ಕಡಿಯುತ್ತದೆ. ಆ ಬದುಕಿನ ಕ್ರೆಡಿಟ್ ಮಂತ್ರದ ಖಾತೆಗೆ ಹಾಕಬ್ಯಾಡ್ರಿ.

2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕು ಅಂತ ಮಾಡಿತು. ಲೆಕ್ಕ ಇಡೋದು ಒಳ್ಳೇದೇ. ಅದರ ಜೊತೆಗೆ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಉಸಿರಾಟಕ್ಕೆ ಆಸರೆ ಕೊಡುವ ಸಲಕರಣೆ, ಅದು ಗೊತ್ತಿರುವ ಕೈ, ಎರಡನ್ನೂ ನಾವು ಕೇಳಬೇಕು.

ಮನೆಯಲ್ಲಿ ಫೋನ್ ಹಿಡಿದಿರೋರು ನಾವೇ. ಕೊಯ್ಯಬ್ಯಾಡ್ರಿ, ಬಿಗಿಯಾಗಿ ಕಟ್ಟಬ್ಯಾಡ್ರಿ, ಏನೂ ತಿನ್ನಿಸಬ್ಯಾಡ್ರಿ. ಪಕ್ಕಕ್ಕೆ ಒರಗಿಸಿ ಮಲಗಿಸಿ, 108ಕ್ಕೆ ಕರೆ ಮಾಡ್ರಿ. ದೊಡ್ಡವರು ಬ್ಯಾಡ ಅಂದ್ರೂ ಮಾಡ್ರಿ.

ನಿಮ್ಮೂರಲ್ಲಿ ರಾತ್ರಿ ಆಸ್ಪತ್ರೆಗೆ ಹೋಗೋಕೆ ಎಷ್ಟು ಹೊತ್ತು ಬೇಕು? ಕಾಮೆಂಟಲ್ಲಿ ಬರೀರಿ 👇

#ಶಕ್ತಿನಗರ #ರಾಯಚೂರು #ಹಾವುಕಡಿತ #ಬಿಕಾಂಹುಡುಗರವಿಜ್ಞಾನ