ಎಂಬಿಎ ಸೀಟು: ಮೊದಲು ಲೆಕ್ಕ, ಆಮೇಲೆ ಅಡ್ವಾನ್ಸ್

ಪದವಿ ಮುಗಿಸಿದ ಮಕ್ಕಳಿರುವ ಮನೆಗಳಲ್ಲಿ ಒಂದೇ ಪ್ರಶ್ನೆ: ಎಂಬಿಎ ಸೀಟು ಸಿಗ್ತದಾ? ಉತ್ತರಕ್ಕೆ ನಾವು ಮೊದಲು ಓಡುವುದು ಏಜೆಂಟರ ಬಳಿಗೆ. ಎಡವುವುದೂ ಅಲ್ಲೇ.

2ಬಿ ಇದ್ದರೆ ಪದವಿ ಅಂಕದಲ್ಲಿ ರಿಯಾಯಿತಿ ಉಂಟು ಅಂತ ಹಲವರು ನಂಬಿದ್ದಾರೆ. ಇಲ್ಲ. ಶೇ. 45 ಸಾಕೆನ್ನುವುದು ಪರಿಶಿಷ್ಟರಿಗೆ ಮತ್ತು ಪ್ರವರ್ಗ-1ಕ್ಕೆ ಮಾತ್ರ. ನಮ್ಮ ಮಕ್ಕಳಿಗೆ ಶೇ. 50 ಬೇಕೇ ಬೇಕು. ಮೀಸಲಾತಿ ನೆರವಾಗುವುದು ಪಿಜಿಸಿಇಟಿ ಬರೆದು ಸೀಟು ಹಂಚುವಾಗ.

ಕರಾವಳಿಯಿಂದ ಹೋಗಿ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯಲ್ಲಿ ನೆಲೆಸಿದ ಮನೆಗಳು ಇನ್ನೊಂದನ್ನೂ ನೋಡಬೇಕು. 371ಜೆ ವಿಧಿಯ ಮೀಸಲಾತಿ ಮೂಲ ಊರನ್ನು ಕೇಳುವುದಿಲ್ಲ. ಕಲ್ಯಾಣ ಕರ್ನಾಟಕದಲ್ಲಿ ಹುಟ್ಟು ಅಥವಾ ವಾಸವನ್ನು ಕೇಳುತ್ತದೆ. ಆ ಭಾಗದ ಕಾಲೇಜುಗಳಲ್ಲಿ ಶೇ. 70, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ. 8 ಸೀಟು ಅವರಿಗುಂಟು. ವಾಡಿಯಲ್ಲೇ ಹುಟ್ಟಿದ ಹುಡುಗಿ ಮಂಗಳೂರಿನವಳೆಂದು ಅರ್ಜಿ ತುಂಬಿದರೆ ಆ ಹಕ್ಕನ್ನು ಕೈಯಾರೆ ಬಿಟ್ಟಂತೆ. ಸಹಾಯಕ ಆಯುಕ್ತರ ಕಚೇರಿಯಿಂದ ಅರ್ಹತಾ ಪತ್ರ ಮೊದಲೇ ಮಾಡಿಸಿಡಿ.

ರ್‍ಯಾಂಕ್ ಬಂದ ಮೇಲೆ ಪರೀಕ್ಷಾ ಪ್ರಾಧಿಕಾರದ ಹಿಂದಿನ ವರ್ಷದ ಕಟಾಫ್ ಪಟ್ಟಿಯಲ್ಲಿ ನಮ್ಮ ಪ್ರವರ್ಗದ ಕಾಲಂ ನೋಡೋಣ. ಅದು ಗ್ಯಾರಂಟಿಯಲ್ಲ, ಅಂದಾಜು. ಆದರೂ ಏಜೆಂಟರ ಮಾತಿಗಿಂತ ಮೇಲು. ಆ ಕಾಲಂ ನೋಡುವವರೆಗೆ ಮ್ಯಾನೇಜ್‌ಮೆಂಟ್ ಸೀಟಿಗೆ ಅಡ್ವಾನ್ಸ್ ಬೇಡ.