ಜ್ವರ ಬಂದವರನ್ನು ಎಣಿಸಿದರೆ ಸಾಕೇ?

ಜೂನ್ ತಿಂಗಳಲ್ಲಿ ಶಾಲೆ ತೆರೆದು ಎರಡು ವಾರ ಆಗುವಷ್ಟರಲ್ಲಿ ರಜಾ ಚೀಟಿಗಳಲ್ಲಿ 'ಜ್ವರ' ಎಂಬ ಒಂದೇ ಕಾರಣ ಸಾಲುಗಟ್ಟುತ್ತದೆ. ಇಲಿ ಜ್ವರದ ಎಚ್ಚರಿಕೆ ಪತ್ರವೂ ಅದೇ ಹೊತ್ತಿಗೆ ಬರುತ್ತದೆ. ಈ ಸಲವೂ ಬಂತು, ಮಲಯಾಳದಲ್ಲಿ ಮಾತ್ರ. ನಾವು ಮೂವರು ಶಿಕ್ಷಕರು ಮಧ್ಯಾಹ್ನ ಕೂತು ಅದನ್ನು ಕನ್ನಡಕ್ಕೆ ತಂದು, ಜೆರಾಕ್ಸ್ ಮಾಡಿಸಿ ಮಕ್ಕಳ ಕೈಯಲ್ಲಿ ಮನೆಗೆ ಕಳುಹಿಸಿದೆವು. ಕಾಸರಗೋಡಿನ ಕನ್ನಡ ಶಾಲೆಯವರಿಗೆ ಇದು ಹೊಸತೇನಲ್ಲ ಬಿಡಿ.

ಆ ವಾರದ ಪಾಲಕರ ಸಭೆಯಲ್ಲಿ ತಾಯಿಯೊಬ್ಬರು ಎದ್ದು ನಿಂತು, "ಮಾಷೆ, ನಾವು ಸಣ್ಣದಿರುವಾಗಿಂದ ಬೈಲಿನ ಕೆಸರಲ್ಲೇ ನಡೆದವರು. ದನದ ಹಟ್ಟಿ ಬರಿಗೈಯಲ್ಲಿ ತೊಳೆದವರು. ನಮಗೆ ಎಂತದೂ ಆಗಲಿಲ್ಲವಲ್ಲ?" ಎಂದು ಕೇಳಿದರು. ಒಳ್ಳೆಯ ಪ್ರಶ್ನೆ. ನಿಜವಾಗಿಯೂ ಏನೂ ಆಗಿಲ್ಲವೇ, ಅಥವಾ ಆದದ್ದು ಗೊತ್ತಾಗಲಿಲ್ಲವೇ? ನಮ್ಮ ಊರಿನ ಮಟ್ಟಿಗೆ ಇದಕ್ಕೆ ಉತ್ತರ ಹೇಳಬಲ್ಲ ಕಾಗದ ನಮ್ಮ ಕೈಯಲ್ಲಿ ಒಂದೂ ಇಲ್ಲ.

ಲೆಪ್ಟೋಸ್ಪೈರಾ ಎಂಬ ಸುರುಳಿಯಾಕಾರದ ಬ್ಯಾಕ್ಟೀರಿಯಾ ಇಲಿ, ದನ, ನಾಯಿ, ಹಂದಿಗಳ ಮೂತ್ರಪಿಂಡದಲ್ಲಿ ಸೇರಿಕೊಂಡು ಮೂತ್ರದ ಜೊತೆ ಹೊರಗೆ ಬೀಳುತ್ತದೆ. ಒದ್ದೆ ಮಣ್ಣಿನಲ್ಲಿ, ತೋಡಿನ ನೀರಿನಲ್ಲಿ, ಅಡಿಕೆ ತೋಟದ ಕಣಿಗಳಲ್ಲಿ ಉಳಿದು ಕಾಲಿನ ಸಣ್ಣ ಗಾಯದ ಮೂಲಕ ಒಳಗೆ ಸೇರುತ್ತದೆ. ಸೋಂಕು ತಗಲಿದವರಲ್ಲಿ ಬಹುಪಾಲು ಜನರಿಗೆ ಎರಡು ಮೂರು ದಿನದ ಮೈಕೈ ನೋವು, ಒಂದು ಪ್ಯಾರಾಸಿಟಮಾಲ್, ಅಷ್ಟೇ. ಕೆಲವರಿಗೆ ಮಾತ್ರ ಅರಸಿನ ಮುಂಡಿಗೆ ಬಂದು, ಮೂತ್ರಪಿಂಡ ಕೈಕೊಟ್ಟು, ಶ್ವಾಸಕೋಶದಲ್ಲಿ ರಕ್ತಸ್ರಾವವಾಗಿ ಪ್ರಾಣಕ್ಕೇ ಬರುತ್ತದೆ. ಸರಕಾರದ ಪಟ್ಟಿಗೆ ಹೋಗುವವರು ಈ ಎರಡನೆಯ ಗುಂಪಿನವರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಅದು ಗೈರುಹಾಜರಿಯ ಪಟ್ಟಿ. ಗೈರುಹಾಜರಾದವರ ಹೆಸರು ಮಾತ್ರ ಬರೆದಿಟ್ಟು, ತರಗತಿಯಲ್ಲಿ ಒಟ್ಟು ಮಕ್ಕಳೆಷ್ಟು ಎಂದು ಕೇಳಿದರೆ ಯಾವ ಮಾಸ್ತರರು ಹೇಳಿಯಾರು?

ಒಟ್ಟು ಎಷ್ಟೆಂದು ತಿಳಿಯಲು ರಕ್ತವನ್ನೇ ಕೇಳಬೇಕು. ಸೋಂಕು ಬಂದು ಹೋದ ಮೇಲೂ ಅದರ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳು ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ಉಳಿಯುತ್ತವೆ. ರಕ್ತದ ಸೀರಮನ್ನು ತೆಳು ಮಾಡಿ, ಪ್ರಯೋಗಾಲಯದಲ್ಲಿ ಬೆಳೆಸಿದ ಜೀವಂತ ಬ್ಯಾಕ್ಟೀರಿಯಾದ ಜೊತೆ ಬೆರೆಸಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಪ್ರತಿಕಾಯ ಇದ್ದರೆ ಬ್ಯಾಕ್ಟೀರಿಯಾಗಳು ಒಂದಕ್ಕೊಂದು ಅಂಟಿ ಗೊಂಚಲಾಗುತ್ತವೆ. ಕೇಳಲು ಸುಲಭ, ಆದರೆ ಇದರ ಬಗೆಗಳು 250ಕ್ಕೂ ಹೆಚ್ಚು. ನಮ್ಮ ಊರಿನ ಬಗೆ ಪ್ರಯೋಗಾಲಯದ ಸಾಲಿನಲ್ಲಿ ಇಲ್ಲದಿದ್ದರೆ ಇದ್ದ ಸೋಂಕೂ 'ಇಲ್ಲ' ಎಂದು ಬರಬಹುದು. ಹಳೆಯ ಪ್ರತಿಕಾಯ ಕರಗಿಹೋಗಿದ್ದರೂ ಹಾಗೆಯೇ. ಆದ್ದರಿಂದ ಇಂಥ ಸಮೀಕ್ಷೆಯ ಸಂಖ್ಯೆ ಎಷ್ಟೋ ಸಲ ನಿಜಕ್ಕಿಂತ ಕಡಿಮೆಯೇ ಇರುತ್ತದೆ.

ಅಂಡಮಾನಿನ ಕತೆ ನೋಡಿ. 1980ರ ದಶಕದ ಕೊನೆಯಲ್ಲಿ ಅಲ್ಲಿ ಜ್ವರ ಬಂದು ರಕ್ತ ಕಾರುವ ಕಾಯಿಲೆಯೊಂದಕ್ಕೆ ಕಾರಣ ತಿಳಿಯದೆ 'ಅಂಡಮಾನ್ ರಕ್ತಸ್ರಾವ ಜ್ವರ' ಎಂದೇ ಹೆಸರಿಟ್ಟಿದ್ದರು. ಅದು ಇಲಿ ಜ್ವರವೇ ಎಂದು 1990ರ ದಶಕದಲ್ಲಿ ಪೋರ್ಟ್ ಬ್ಲೇರ್‌ನ (2024ರಿಂದ ಶ್ರೀ ವಿಜಯ ಪುರಂ) ಐಸಿಎಂಆರ್ ಕೇಂದ್ರದವರು ತೋರಿಸಿಕೊಟ್ಟರು. ಅಷ್ಟಕ್ಕೇ ನಿಲ್ಲಿಸದೆ ರೈತರು, ಚರಂಡಿ ಕೆಲಸದವರು, ಕಾಡಿನ ಕೆಲಸದವರು, ಕಸಾಯಿಗಳ ರಕ್ತ ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದರು. ಅಪಾಯದ ಕೆಲಸಗಳಲ್ಲಿರುವ ಈ ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಸೋಂಕು ಬಂದು ಹೋಗಿತ್ತು. ಎಲ್ಲರಿಗಿಂತ ಹೆಚ್ಚು ಕೃಷಿ ಕೆಲಸದವರಿಗೆ, ಚರಂಡಿ ಕೆಲಸದವರಿಗಿಂತಲೂ! ಅದಕ್ಕೂ ಮೊದಲು, 2004ರಲ್ಲಿ, ಶಾಲಾ ಮಕ್ಕಳ ಬಗ್ಗೆ ಬರೆದಿದ್ದರು. ಮುಂಚೆಯೇ ಸೋಂಕು ಕಂಡಿದ್ದ ಮಕ್ಕಳಲ್ಲಿ ರೋಗ ಹರಡಿದಾಗ ಕಾಯಿಲೆಯೂ ಸಾವೂ ಕಡಿಮೆ ಇತ್ತು.

ಹಾಗಾದರೆ ಆ ತಾಯಿಯ ಮಾತೇ ಸರಿಯೇ? ಅಲ್ಲ. ಒಂದು ಬಗೆಗೆ ಬಂದ ಪ್ರತಿಕಾಯ ಇನ್ನೊಂದು ಬಗೆಯನ್ನು ತಡೆಯುತ್ತದೆಂಬ ಭರವಸೆ ಇಲ್ಲ. 'ನಿಮಗೆ ಹಿಂದೆ ಬಂದಿತ್ತು' ಎಂದು ಬರೆದ ಚೀಟಿಯನ್ನು 'ಇನ್ನು ಬರುವುದಿಲ್ಲ' ಎಂದು ಯಾರಾದರೂ ಓದಿಕೊಂಡರೆ ಸಮೀಕ್ಷೆಯಿಂದ ಉಪಕಾರಕ್ಕಿಂತ ಅಪಾಯವೇ ಹೆಚ್ಚು. ಭಾಷೆಯ ಮಾತು ನಾವು ಎತ್ತುವುದು ಇದಕ್ಕೇ. ಸಂಶೋಧನೆಗೆ ಒಪ್ಪಿಗೆ ಕೇಳುವಾಗ ಜನರಿಗೆ ಅರ್ಥವಾಗುವ ಭಾಷೆಯಲ್ಲಿ ಕೇಳಬೇಕು, 7 ವರ್ಷ ದಾಟಿದ ಮಗುವಿನ ಸಮ್ಮತಿಯನ್ನೂ ಪಡೆಯಬೇಕು ಎಂದು ಐಸಿಎಂಆರ್‌ನ 2017ರ ಮಾರ್ಗಸೂಚಿಯೇ ಹೇಳುತ್ತದೆ. ಒಪ್ಪಿಗೆ ಪತ್ರವನ್ನೂ ಊಟದ ಹೊತ್ತಿನಲ್ಲಿ ನಾವೇ ಅನುವಾದಿಸಬೇಕೇ?

ಇನ್ನೊಂದು ಸಂಗತಿ. ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯವರು ಜ್ವರ ಜೋರಾದರೆ ಓಡುವುದು ಮಂಗಳೂರಿಗೆ. 2020ರ ಮಾರ್ಚ್‌ನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಅದೆಷ್ಟು ಅನಿವಾರ್ಯ ಎಂದು ಎಲ್ಲರಿಗೂ ಗೊತ್ತಾಯಿತು. ಅಲ್ಲಿ ದಾಖಲಾದ ನಮ್ಮವರು ಯಾವ ಜಿಲ್ಲೆಯ ಲೆಕ್ಕಕ್ಕೆ ಸೇರುತ್ತಾರೆ? ಆಸ್ಪತ್ರೆಯ ಪುಸ್ತಕ ನೋಡಿ ಎಣಿಸಿದರೆ ಗಡಿಯವರು ಎರಡೂ ಕಡೆ ತಪ್ಪಿಹೋಗಬಹುದು. ಮನೆ ಮನೆಗೆ ಬಂದು ರಕ್ತ ತೆಗೆದರೆ ಹಾಗೆ ತಪ್ಪಿಹೋಗುವುದಿಲ್ಲ.

ಹೌದು, ಸಮೀಕ್ಷೆ ಯಾರ ಜ್ವರವನ್ನೂ ಇಳಿಸುವುದಿಲ್ಲ. ಅದರ ದುಡ್ಡಿಗೆ ಡಾಕ್ಸಿಸೈಕ್ಲಿನ್ ಹಂಚಬಹುದಲ್ಲ ಎನ್ನುವವರೂ ಇದ್ದಾರೆ. 2018ರ ಪ್ರವಾಹದ ನಂತರ ಕೇರಳದಲ್ಲಿ ವಾರಕ್ಕೆ 200 ಮಿಲಿಗ್ರಾಂನಂತೆ ಅದನ್ನು ಹಂಚಿದ್ದು ಸರಿಯಾದ ಕೆಲಸವೇ. ಆದರೆ ಮಳೆಗಾಲವಿಡೀ ಎಲ್ಲರೂ ಮಾತ್ರೆ ನುಂಗುವುದು ಸಾಧ್ಯವಿಲ್ಲ. ತೊಳಿಲುರಪ್ಪಿನಲ್ಲಿ ತೋಡು ಸ್ವಚ್ಛ ಮಾಡುವ ಹೆಂಗಸರಿಗೋ, ಅಡಿಕೆ ಹೆಕ್ಕುವವರಿಗೋ, ಹಟ್ಟಿ ತೊಳೆಯುವವರಿಗೋ, ಯಾರಿಗೆ ಮೊದಲು? ಮಳೆಗೆ ಮುಂಚೆ ಒಮ್ಮೆ, ಮಳೆ ಮುಗಿದ ಮೇಲೆ ಅದೇ ಜನರದ್ದು ಇನ್ನೊಮ್ಮೆ ರಕ್ತ ನೋಡಿದರೆ ಆ ವರ್ಷ ಹೊಸದಾಗಿ ಸೋಂಕು ತಗಲಿದವರು ಯಾರು ಎಂದು ತಿಳಿಯುತ್ತದೆ. ದನಗಳದ್ದೂ ನೋಡಲಿ.

ರಕ್ತ ಕೊಡಲು ಜನ ಹೆದರುತ್ತಾರೆ ಎಂಬ ಮಾತು ನಮ್ಮ ಜಿಲ್ಲೆಗೆ ಅಷ್ಟಾಗಿ ಹೊಂದುವುದಿಲ್ಲ. 2001ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಬಂದಾಗ ಪಡ್ರೆಯ ಶಾಲಾ ಮಕ್ಕಳು ತೋಳು ಚಾಚಿದ್ದರು. ಅವರ ರಕ್ತದಲ್ಲಿ ಎಂಡೋಸಲ್ಫಾನ್ ಇದೆಯೆಂದು ತಿಳಿದದ್ದು ಆಗಲೇ. ಜನ ಬೇಸತ್ತಿರುವುದು ಸೂಜಿಗಲ್ಲ, ಬಂದವರು ಬರೆದುಕೊಂಡು ಹೋಗಿ ಮತ್ತೆ ಮುಖ ತೋರಿಸದಿರುವುದಕ್ಕೆ. ಆ ತಾಯಿಗೆ ನಾವು "ಪರೀಕ್ಷೆ ಮಾಡುವವರು ಬಂದರೆ ಕೈ ಕೊಡುತ್ತೀರಾ?" ಎಂದು ಕೇಳಿದೆವು. "ಕೊಡುವ ಮಾಷೆ, ಅದರಲ್ಲಿ ಎಂತ ಸಿಕ್ಕಿತು ಅಂತ ನಮಗೂ ಹೇಳ್ಬೇಕು" ಅಂದರು.