ದಾರಿ ಬಿಟ್ಟು ಮಹಡಿ ಕಟ್ಟಿ!

ಮಂಗಳೂರಿನ ನಾಗರಿಕ ಬಂಧುಗಳೇ, ಇಗರ್ಜಿಯ ಗುರ್ಕಾರರೇ, ನೆರೆಹೊರೆಯ ಹಿಂದೂ ಮುಸ್ಲಿಂ ಬಾಂಧವರೇ,

ಕಳೆದ ಸೋಮವಾರ ಬೆಳಗ್ಗಿನ ಪೂಜೆಗೆ ಹೊರಟವರಿಗೆ ದಾರಿಯೇ ಇರಲಿಲ್ಲ. ರಾತ್ರೋರಾತ್ರಿ ನೀಲಿ ತಗಡು ಎದ್ದು ನಿಂತಿತ್ತು. ಗುಡ್ಡೆಯ ಕೆಳಗಿನ ವಠಾರದಿಂದ ಇಗರ್ಜಿಯ ಹಿಂಬಾಗಿಲಿಗೆ ಹತ್ತುವ ಮುರಕಲ್ಲಿನ ಮೆಟ್ಟಿಲು, ಅರ್ಧದಲ್ಲಿ ಉಸಿರು ಬಿಡಲು ಬಾವಿಕಟ್ಟೆ, ಪಕ್ಕದಲ್ಲಿ ಮಳೆನೀರು ಇಳಿಯುವ ತೋಡು, ಮೂರೂ ತಗಡಿನ ಆಚೆ! ಊರುಗೋಲಿನ ಬಾಯಮ್ಮಂದಿರು ಈಗ ಮೇನ್ ರೋಡು ಸುತ್ತಿ, ಸಿಟಿ ಬಸ್ಸುಗಳ ಹಾರ್ನಿಗೆ ಬೆದರುತ್ತಾ ದೇವರ ಬಳಿ ಹೋಗಬೇಕು. ಯಾಕೆ? ಅಲ್ಲಿ 24 ಮಹಡಿಯ 'ಹಸಿರು ವಸತಿ ಸಮುಚ್ಚಯ' ಬರುತ್ತದಂತೆ.

ನಾವು ಮಹಡಿ ವಿರೋಧಿಗಳಲ್ಲ, ಇದನ್ನು ದಪ್ಪಕ್ಷರದಲ್ಲಿ ಓದಿಕೊಳ್ಳಿ. ಜಾಗ ಕಡಿಮೆ, ಜನ ಹೆಚ್ಚು, ಮೇಲಕ್ಕೆ ಕಟ್ಟದೆ ಬೇರೆ ಉಪಾಯವಿಲ್ಲ. ಆದರೆ ಹಸಿರು ಎಂದರೆ ಎಂತ? ಬ್ರೋಷರಿನಲ್ಲಿ ನೋಡಿದೆವು: ಪಡುವಣ ಬಿಸಿಲಿಗೆ ಎದೆಯೊಡ್ಡಿದ ಗಾಜಿನ ಗೋಡೆ, ಒಳಗೆ ಹಗಲಿಡೀ ಎಸಿ, ಟೆರೇಸಿನಲ್ಲಿ ನಾಲ್ಕು ಕುಂಡ. 1865ರಲ್ಲಿ ಬಾಸೆಲ್ ಮಿಷನ್ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ ಊರು ಇದು. ಇಳಿಜಾರು ಮಾಡು, ಚಾಚಿದ ಸೂರು, ಗಾಳಿಗೆ ತೆರೆದ ಜಗಲಿ ನಮ್ಮ ಮೇಸ್ತ್ರಿಗಳಿಗೆ ಬಾಯಿಪಾಠ. ಅವರನ್ನು ಯಾರೂ ಕೇಳಲಿಲ್ಲ.

ತೋಡು ಮುಚ್ಚಿದ್ದು ಸಣ್ಣ ಸಂಗತಿಯಲ್ಲ. ವರ್ಷಕ್ಕೆ 3,500 ಮಿಲಿಮೀಟರಿಗೂ ಮೀರಿ ಸುರಿಯುವ ಊರಿನಲ್ಲಿ ದಾರಿ ತಪ್ಪಿದ ನೀರು ಎಲ್ಲಿಗೆ ಹೋದೀತು? ಸೀದಾ ಇಗರ್ಜಿಯ ಗೋಡೆಯ ಬುಡಕ್ಕೆ. ಸಂತ ಅಲೋಶಿಯಸ್ ಚಾಪೆಲಿನಲ್ಲಿ ಇಟಲಿಯ ಮೊಸ್ಕೇನಿ 1899ರಲ್ಲಿ ಬರೆಯಲು ಹಿಡಿದ ಚಿತ್ರಗಳಿಗೆ ಈ ಮಳೆಯ ತೇವವೇ ಶತ್ರುವಾಗಿ, 1990ರ ದಶಕದಲ್ಲಿ ತಜ್ಞರನ್ನು ಕರೆಸಿ ಉಳಿಸಿಕೊಳ್ಳಬೇಕಾಯಿತು. ನಮ್ಮ ಇಗರ್ಜಿಯ ಗೋಡೆಗೆ ಯಾರು ಬರುತ್ತಾರೆ? ಬಾವಿಯ ಕತೆಯೂ ಅದೇ. ಬೇಸಗೆಯಲ್ಲಿ ತುಂಬೆ ಡ್ಯಾಮಿನ ನೀರು ಇಳಿದು ರೇಷನಿಂಗ್ ಶುರುವಾದಾಗ ಇಡೀ ವಠಾರ ನಿಂತದ್ದು ಆ ಬಾವಿಕಟ್ಟೆಯಲ್ಲಿ. ನಾಳೆ 24 ಮಹಡಿಗೆ ಟ್ಯಾಂಕರು ಬರುತ್ತದೆ, ನಮಗೆ ತಗಡು. ಅವರ ಕಸ ಹೋಗುವುದು ಪಚ್ಚನಾಡಿಗೆ. 2019ರ ಮಳೆಯಲ್ಲಿ ಅಲ್ಲಿನ ಕಸದ ಗುಡ್ಡೆ ಜಾರಿ ಮಂದಾರದ ಮನೆ, ತೋಟಗಳನ್ನು ನುಂಗಿದ್ದು ಇಷ್ಟು ಬೇಗ ಮರೆತುಹೋಯಿತೇ?

"ಖಾಸಗಿ ಜಾಗ, ಕೇಳಲು ನೀವು ಯಾರು?" ಹೌದು ಸ್ವಾಮಿ, ನಾವು ಯಾರೂ ಅಲ್ಲ, ನಡೆಯುವವರು ಅಷ್ಟೇ. "ಕಾನೂನು ಪ್ರಕಾರವೇ ಇದೆ." ಇರಬಹುದು! ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕವಾದರೆ ಸುತ್ತ 100 ಮೀಟರ್ ಹೊಸ ಕಟ್ಟಡ ಏಳುವಂತಿಲ್ಲ, ಅದರಾಚೆ ಇನ್ನೂ 200 ಮೀಟರ್ ಅನುಮತಿ ಬೇಕು. ದಿನಕ್ಕೆ ಮೂರು ಹೊತ್ತು ಗಂಟೆ ಹೊಡೆಯುವ ನಮ್ಮ ಇಗರ್ಜಿಗೆ ಆ ಭಾಗ್ಯವಿಲ್ಲ. ಪಾಳು ಬಿದ್ದಿದ್ದರೆ ಸಿಗುತ್ತಿತ್ತೋ ಏನೋ.

ಇನ್ನು ನಮ್ಮ 'ಪರಂಪರೆ ಪ್ರೇಮಿ'ಗಳು. ಇಗರ್ಜಿಯ ಹತ್ತಿರ ಒಂದು ಇಟ್ಟಿಗೆಯೂ ಬೀಳಬಾರದಂತೆ! ಹೇಳುವವರು ಇರುವುದು ಕದ್ರಿಯ ಹತ್ತನೇ ಮಹಡಿಯಲ್ಲಿ. ಭಾನುವಾರ ಕ್ಯಾಮೆರಾ ಹಿಡಿದು ಬಂದು ಗೋಪುರದ ಫೋಟೊ ಹೊಡೆಯುತ್ತಾರೆ, ವಠಾರದ ಬಟ್ಟೆಹಗ್ಗ ಫ್ರೇಮಿಗೆ ಅಡ್ಡ ಬಂತೆಂದು ಮುಖ ಸಿಂಡರಿಸುತ್ತಾರೆ. ಬಾಡಿಗೆ ಮನೆಯವನಿಗೆ ಸೂರು ಬೇಡವೇ? ಅವರಿಗಿಂತ ಒಂದು ಕೈ ಮೇಲು, ಬಾಡಿಗೆದಾರರ ಹೆಸರಿನಲ್ಲಿ ಹೋದ ವಾರ ಕರಪತ್ರ ಹಂಚಿದ ಮಹಾಶಯರು. ಕಮ್ಯುನಿಟಿ ಹಾಲ್ ಸಿಗುತ್ತದೆಂಬ ಬಾಯಿಮಾತಿಗೆ ಒಪ್ಪಿಗೆಯ ಸಹಿ ಹಾಕಿ ಬಂದರು. ಆ ಹಾಲಿಗೆ ಹೋಗುವ ಬಾಗಿಲು ಪ್ಲಾನಿನಲ್ಲಿ ಎಲ್ಲಿದೆ ತೋರಿಸಿ ನೋಡೋಣ. ಗೇಟಿನ ಒಳಗಿದೆ, ಸೆಕ್ಯುರಿಟಿಯವನ ಕುರ್ಚಿಯ ಹಿಂದೆ!

ಕಟ್ಟಲಿ. ಗಂಟೆಗೋಪುರ ಮುಚ್ಚದಂತೆ ಹಿಂದೆ ಸರಿದು ಕಟ್ಟಲಿ, ನೆಲಮಹಡಿಯಲ್ಲಿ ಊರಿಗೂ ಕಾಲಿಡಲು ಎಡೆ ಇರಲಿ, ವಠಾರದವರಿಗೂ ಅದರಲ್ಲಿ ಮನೆ ಸಿಗಲಿ, ಹೇಗೆಂದು ಕೂತು ಮಾತಾಡುವ. ಆದರೆ ಮೊದಲು ಆ ತಗಡು ತೆಗೆಯಿರಿ. ದಾರಿ ಮುಚ್ಚಿಕೊಂಡವರ ಜತೆ ಮಾತೇನು? ಇಂದು ಮೆಟ್ಟಿಲು ಹೋಯಿತು, ಮೊಂತಿ ಫೆಸ್ತಿಗೆ ಮಕ್ಕಳು ಹೂವಿನ ಬುಟ್ಟಿ ಹಿಡಿದು ಬರುವುದೂ ಅದೇ ಮೆಟ್ಟಿಲಲ್ಲಿ.

ಆಕ್ಷೇಪಣೆಗೆ ಬರುವ ಶನಿವಾರ ಕೊನೆಯ ದಿನ, ಸಂಜೆ 5ರ ಒಳಗೆ. ಈ ಹಾಳೆಯ ಹಿಂಬದಿಯಲ್ಲಿ ಅರ್ಜಿ ಇದೆ, ಹೆಸರು ಬರೆದು ಸಹಿ ಹಾಕಿ, ಪಾಲಿಕೆ ಕಚೇರಿಗೆ ಖುದ್ದಾಗಿ ಬನ್ನಿ. "ಸಾಹೇಬರು ಸೈಟಿಗೆ ಹೋಗಿದ್ದಾರೆ, ನಾಳೆ ಬನ್ನಿ" ಎಂದಾರು. ಮೊಹರು ಹಾಕಿದ ಸ್ವೀಕೃತಿ ಕೈಗೆ ಬರುವ ತನಕ ಕೌಂಟರು ಬಿಡಬೇಡಿ.

ಇತಿ,
ಮೆಟ್ಟಿಲ ಬುಡದ ವಠಾರದ ನಿವಾಸಿಗಳು
(ಓದಿ ಬಿಸಾಡಬೇಡಿ, ಪಕ್ಕದ ಮನೆಗೆ ಕೊಡಿ)